‘ಯಾರೂ ಸತ್ತಿಲ್ಲ ಕಾಕಾ, ಸುಮ್ಮನ ಓಡಾಕತ್ತೇನಿ’

ಸುರಪುರದ ಗುಡ್ಡಗಳ ಮೇಲೆ ಬೆಳಕು ಇನ್ನೂ ಪೂರ್ತಿ ಬಿದ್ದಿಲ್ಲ. ಊರು ದಾಟಿದ ಮೇಲೆ ಸಿಗುವ ಕಾಲುವೆಯ ಏರಿಯ ಮೇಲೆ ಒಬ್ಬರು ಓಡುತ್ತಿದ್ದಾರೆ. ಪೇಪರಿನ ಫೋಟೊಗಳಲ್ಲಿ ಕಾಣುವಂಥ ಓಟವಲ್ಲ ಇದು. ಮೊಣಕಾಲು ಹೆಚ್ಚು ಮೇಲೇಳುವುದಿಲ್ಲ, ಎಡಗಾಲು ತುಸು ಹೊರಗೆ ಎಳೆಯುತ್ತದೆ, ಬಾಯಿ ತೆರೆದೇ ಇದೆ. ಯಾರೋ ಕೊಟ್ಟ ಹಳೆಯ ನೀಲಿ ಟ್ರ್ಯಾಕ್ ಪ್ಯಾಂಟನ್ನು ಸೊಂಟಕ್ಕೆ ಲಾಡಿಯಿಂದ ಬಿಗಿದುಕೊಂಡಿದ್ದಾರೆ. ಮೇಲೊಂದು ಬನಿಯನ್ನು, ಕೊರಳಿಗೆ ಸುತ್ತಿದ ಟವೆಲು. ಆದರೂ ನಿಲ್ಲುವ ಲಕ್ಷಣವಿಲ್ಲ. ಗದ್ದೆಗೆ ನೀರು ತಿರುವಲು ಬಂದ ಮುದುಕರೊಬ್ಬರು ಸಲಿಕೆ ಊರಿ ನಿಂತು ಕೂಗುತ್ತಾರೆ:

“ಯಾರ್ ಸತ್ತಾರೋ ಮರಿಲಿಂಗಾ?”

“ಯಾರೂ ಸತ್ತಿಲ್ಲ ಕಾಕಾ, ಸುಮ್ಮನ ಓಡಾಕತ್ತೇನಿ!”

ಮುದುಕರು ನಗುತ್ತಾರೆ. ಅವರಿಗೆ ಇದು ಈಗ ದಿನದ ತಮಾಷೆ. ಆದರೆ ಮೊದಮೊದಲು ಅದು ತಮಾಷೆಯಾಗಿರಲಿಲ್ಲ. ಮರಿಲಿಂಗಪ್ಪ ಅವಸರದಲ್ಲಿ ಕಾಲು ಹಾಕಿದರೆ ಎಲ್ಲೋ ಒಂದು ಮನೆಗೆ ಕೆಟ್ಟ ಸುದ್ದಿ ಬಂದಿದೆ ಎಂದೇ ಈ ಭಾಗದ ಜನ ತಿಳಿಯುತ್ತಾರೆ. ಕಳೆದ ಇಪ್ಪತ್ತೇಳು ವರ್ಷಗಳಿಂದ ಅವರು ಸರ್ಕಾರಿ ಆಸ್ಪತ್ರೆಯೊಂದರ ಶವಾಗಾರದ ಸಹಾಯಕ. ಆಸ್ಪತ್ರೆಯ ಹೆಸರು ಬರೆಯುವುದು ಬೇಡ ಎಂಬುದು ಅವರದೇ ಕೋರಿಕೆ. “ಹೆಸರು ಬಿಡ್ರಿ. ಎಲ್ಲಾ ದವಾಖಾನಿಯೊಳಗೂ ಹಿಂದ ಒಂದು ಖೋಲಿ ಇರ್ತದ. ಅಲ್ಲಿ ನನ್ನಂಥವ ಒಬ್ಬ ಇರ್ತಾನ” ಎನ್ನುತ್ತಾರೆ.

ಆ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ರಸ್ತೆ ಅಪಘಾತ, ಹಾವು ಕಡಿತ, ಬಾವಿ, ಕಾಲುವೆ, ವಿಷ, ಸಿಡಿಲು, ಹೀಗೆ ಅಕಾಲದಲ್ಲಿ ಹೋದವರೆಲ್ಲ ಮಣ್ಣಿಗೆ ಸೇರುವ ಮೊದಲು ಅಲ್ಲಿಗೆ ಬರುತ್ತಾರೆ. ವೈದ್ಯರು ನಿಂತು ಹೇಳುತ್ತಾರೆ, ನೋಡುತ್ತಾರೆ, ಬರೆದುಕೊಳ್ಳುತ್ತಾರೆ. ಗಾಡಿಯಿಂದ ಇಳಿಸುವುದು, ಬಟ್ಟೆ ಬಿಡಿಸುವುದು, ಕೊಯ್ಯುವುದು, ಮತ್ತೆ ಹೊಲಿಯುವುದು, ಮೈ ತೊಳೆಯುವುದು, ಬಿಳಿಯ ಬಟ್ಟೆ ಸುತ್ತುವುದು, ಕೊನೆಗೆ ಹೊರಗೆ ಅಳುತ್ತ ನಿಂತವರ ಕೈಗೆ ಒಪ್ಪಿಸುವುದು ಮರಿಲಿಂಗಪ್ಪನವರ ಪಾಲಿನ ಕೆಲಸ. ಕೆಲವು ವಾರ ಒಂದೂ ಇರುವುದಿಲ್ಲ. ಬೇಸಿಗೆಯ ಮದುವೆ ಸುಗ್ಗಿಯಲ್ಲಿ, ರಸ್ತೆಯಲ್ಲಿ ಗಾಡಿಗಳು ಹೆಚ್ಚಾದಾಗ, ಒಂದೇ ದಿನ ಮೂರು ಬಂದದ್ದೂ ಉಂಟು.

ಗೋಗಿಯ ಹತ್ತಿರದ ಹಳ್ಳಿಯೊಂದರ ಕೂಲಿ ಕುಟುಂಬದಲ್ಲಿ ಹುಟ್ಟಿದ ಮರಿಲಿಂಗಪ್ಪ ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಶಹಾಪುರದ ಹತ್ತಿ ಮಿಲ್ಲೊಂದರಲ್ಲಿ ಚೀಲ ಹೊರುತ್ತಿದ್ದಾಗ ಆಸ್ಪತ್ರೆಯಲ್ಲಿ ಕೆಲಸವಿದೆ ಎಂದು ಯಾರೋ ಹೇಳಿದರು. ಎಂಥ ಕೆಲಸ ಎಂದು ಗೊತ್ತಾದದ್ದು ಒಳಗೆ ಕಾಲಿಟ್ಟ ಮೇಲೆ. ಆಗ ಅಲ್ಲಿದ್ದ ಹಿರಿಯ ಸಹಾಯಕ ಯಂಕಣ್ಣ ಬಾಗಿಲಲ್ಲೇ ತಡೆದು ನಿಲ್ಲಿಸಿ ಒಂದು ಗ್ಲಾಸು ಮುಂದೆ ಹಿಡಿದರು.

“ಕುಡದು ಒಳಗ ಬಾ. ಕುಡೀಲಾರದ ಬಂದ್ರ ಇವತ್ತs ಓಡಿ ಹೋಗ್ತಿ.”

ಇಪ್ಪತ್ತಾರರ ಹುಡುಗ ಕುಡಿದ. ಓಡಿಹೋಗಲಿಲ್ಲ. ಯಂಕಣ್ಣ ಕೆಟ್ಟವರಾಗಿರಲಿಲ್ಲ ಎಂದು ಮರಿಲಿಂಗಪ್ಪ ಇವತ್ತಿಗೂ ಹೇಳುತ್ತಾರೆ. ಅವರಿಗೆ ಅವರ ಹಿರಿಯರು ಕಲಿಸಿದ್ದನ್ನೇ ಅವರು ಇವರಿಗೆ ಕಲಿಸಿದರು, ಅಷ್ಟೆ. ಹೆಣ ತಂದವರ ಕಡೆಯವರೂ ಬರುವಾಗ ಒಂದು ಬಾಟಲಿ ಹಿಡಿದೇ ಬರುತ್ತಿದ್ದರು. ಕೊಡುವವರಿಗೂ ಅದು ಸಂಕೋಚವಲ್ಲ, ತೆಗೆದುಕೊಳ್ಳುವವರಿಗೂ ಅಲ್ಲ.

“ಮೊದ್ಲ ಒಳಗ ಹೋಗೂ ಮುಂದ ಕುಡೀತಿದ್ದೆ. ಆಮ್ಯಾಲ ಹೊರಗ ಬಂದ ಮ್ಯಾಲೂ ಕುಡೀತಿದ್ದೆ. ಕಡೀಕ ಯಾರೂ ಸಾಯಲಾರದ ದಿನಾನೂ ಕುಡ್ಯಾಕತ್ತಿದೆ” ಎಂದು ಮರಿಲಿಂಗಪ್ಪ ಯಾವ ಅಲಂಕಾರವೂ ಇಲ್ಲದೆ ಹೇಳುತ್ತಾರೆ. ಪಕ್ಕದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿರುವ ಹೆಂಡತಿ ದೇವಕಮ್ಮ ತಲೆ ಎತ್ತುವುದಿಲ್ಲ. ಇನ್ನೊಬ್ಬರ ಹೊಲದಲ್ಲಿ ಹತ್ತಿ ಬಿಡಿಸಿ, ಭತ್ತ ನಾಟಿ ಮಾಡಿ ಆ ವರ್ಷಗಳಲ್ಲಿ ಮನೆ ನಡೆಸಿದವರು ಅವರು. ಆ ಕಾಲದ ಬಗ್ಗೆ ಅವರು ಆಡುವುದು ಒಂದೇ ಮಾತು: “ಮನುಷ್ಯಾ ಮನ್ಯಾಗ ಇರ್ತಿದ್ದ. ಆದ್ರ ಇರ್ತಿದ್ದಿಲ್ಲ.”

ಇವರ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ಒಬ್ಬಳೇ ಮಗಳು ಪರಿಮಳಾಳ ಮದುವೆಯೂ ಬೌದ್ಧ ಪದ್ಧತಿಯಲ್ಲೇ ಆಯಿತು. ಅಳಿಯ ಬುದ್ಧಪ್ರಿಯ ಹತ್ತಿಕುಣಿಯಲ್ಲಿ ಶಾಲಾ ಮಾಸ್ತರ. ಮದುವೆಯ ದಿನ ನೆರೆದವರೆಲ್ಲ ಎದ್ದುನಿಂತು ಪಂಚಶೀಲ ಹೇಳಿದರು. ಐದನೆಯ ಶೀಲ ಮದ್ಯ ಮುಟ್ಟುವುದಿಲ್ಲ ಎಂಬುದು. ಎಲ್ಲರ ಜೊತೆ ಮರಿಲಿಂಗಪ್ಪನೂ ಹೇಳಿದರು. ಹೇಳುವಾಗ ಅವರ ನಾಲಿಗೆ ತೊದಲುತ್ತಿತ್ತು.

“ಪರಿಮಳಾ ತಲಿ ಎತ್ತಿ ನನ್ನ ಕಡೀನs ನೋಡಿದಳ್ರಿ. ಬೈಲಿಲ್ಲ, ಅಳಲಿಲ್ಲ. ಬರೇ ನೋಡಿದಳು.”



ಅಷ್ಟಾದರೂ ಮರಿಲಿಂಗಪ್ಪ ಕುಡಿತ ಬಿಡಲಿಲ್ಲ. ಬಿಡಿಸಿದ್ದು ಒಂದು ಮಧ್ಯಾಹ್ನ. ಆಗ ಅವರಿಗೆ ನಲವತ್ತೆಂಟು. ಶಹಾಪುರ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಸತ್ತ ತರುಣನೊಬ್ಬನನ್ನು ಗಾಡಿಯಿಂದ ಇಳಿಸಿ ಸ್ಟ್ರೆಚರಿನಲ್ಲಿ ಒಯ್ಯುತ್ತಿದ್ದರು. ಹಿಂದಿನ ತುದಿ ಹಿಡಿದವರು ಹೆಡ್ ಕಾನ್‌ಸ್ಟೆಬಲ್ ವಿಶ್ವರಾಧ್ಯ, ಮುಂದಿನ ತುದಿ ಮರಿಲಿಂಗಪ್ಪನ ಕೈಯಲ್ಲಿ. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಎದೆಯೊಳಗೆ ಉಸಿರು ಸಿಕ್ಕಿಕೊಂಡಿತು, ಕಾಲು ಮಡಚಿಕೊಂಡಿತು. ಅವರೂ ಬಿದ್ದರು, ಸ್ಟ್ರೆಚರೂ ಬಿತ್ತು. ಹುಡುಗನ ದೇಹ ಮೆಟ್ಟಿಲ ಮೇಲೆ ಉರುಳಿತು.

ಬೇವಿನ ಗಿಡದ ಕೆಳಗೆ ಕೂತಿದ್ದ ತಾಯಿ ಓಡಿ ಬಂದಳು. ಜಗಳವಾಡಲಿಲ್ಲ. ಮಗನ ತಲೆ ತೊಡೆಯ ಮೇಲಿಟ್ಟುಕೊಂಡು ಅವಳು ಆಡಿದ ಮಾತು ಮರಿಲಿಂಗಪ್ಪನಿಗೆ ಅಕ್ಷರ ಬಿಡದೆ ನೆನಪಿದೆ:

“ಗಾಡಿ ಮ್ಯಾಲಿಂದ ಬಿದ್ದು ಸತ್ತಾನ ನನ್ನ ಮಗ. ಸತ್ತ ಮ್ಯಾಲಾದ್ರೂ ಬೀಳಸಬ್ಯಾಡ್ರೋ ಯಪ್ಪಾ.”

ಆ ದಿನ ಕೆಲಸವನ್ನು ಬೇರೆಯವರು ಮುಗಿಸಿದರು. ವೈದ್ಯೆ ಮುಬೀನಾ ಮೇಡಂ ಮರಿಲಿಂಗಪ್ಪನನ್ನು ತಮ್ಮ ಕೋಣೆಯಲ್ಲಿ ಕೂರಿಸಿ ರಕ್ತದೊತ್ತಡ ನೋಡಿದರು. ಇನ್ನೊಮ್ಮೆ ನೋಡಿದರು. ಯಾದಗಿರಿಗೆ ಕಳಿಸಿ ಪರೀಕ್ಷೆ ಮಾಡಿಸಿದಾಗ ಯಕೃತ್ತು ಊದಿಕೊಂಡಿರುವುದು ತಿಳಿಯಿತು. ಮೇಡಂ ನೇರ ಮಾತಿನವರು. “ಮರಿಲಿಂಗಪ್ಪ, ನಿಮ್ಮ ಕೆಲಸಕ್ಕ ಬ್ಯಾರೆಯವರನ್ನ ಹುಡುಕಬಹುದು. ದೇವಕಮ್ಮಗ ಬ್ಯಾರೆ ಗಂಡನ್ನ ಎಲ್ಲಿಂದ ತರಲಿ? ನೀವs ಹೇಳ್ರಿ” ಎಂದರು. ಅಷ್ಟು ವರ್ಷ ಕುಡಿದವರು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯವೆಂದು ಯಾದಗಿರಿಯಲ್ಲಿ ಕೆಲವು ದಿನ ಒಳರೋಗಿಯಾಗಿ ಇರಿಸಿ, ಮಾತ್ರೆಗಳ ಆಸರೆಯಲ್ಲಿ ಮೆಲ್ಲಗೆ ಬಿಡಿಸಿದರು. ತಿರುಗಿ ಬಂದ ಮೇಲೆ ಅವರನ್ನು ಶವಾಗಾರದಿಂದ ದೂರ ಇಟ್ಟು ವಾರ್ಡಿನ ನೆಲ ಒರೆಸುವ, ರೋಗಿಗಳನ್ನು ಸಾಗಿಸುವ ಕೆಲಸಕ್ಕೆ ಹಾಕಿದರು. ಹಿಂದಿನ ಕೋಣೆಗೆ ಬೇರೆ ಊರಿನಿಂದ ಒಬ್ಬರು ಬಂದು ಹೋಗುತ್ತಿದ್ದರು.

ಕುಡಿತ ನಿಂತಿತು. ಆದರೆ ಇಪ್ಪತ್ತು ವರ್ಷ ಅದು ಮುಚ್ಚಿ ಇಟ್ಟಿದ್ದೆಲ್ಲ ಮೇಲೆ ಬರತೊಡಗಿತು. ಊಟಕ್ಕೆ ಕೂತರೆ ಯಾವುದೋ ಮುಖ. ಬಸ್ಸಿನ ಕಿಟಕಿಯಲ್ಲಿ ಯಾವುದೋ ಮುಖ. ಮನೆಯ ಮುಂದೆ ಆಡುವ ಮಕ್ಕಳನ್ನು ನೋಡಿದರೆ ಎಂದೋ ಮೇಜಿನ ಮೇಲೆ ಮಲಗಿದ್ದ ಮತ್ತೊಂದು ಮಗು. ದೇವಕಮ್ಮ ಹೊಲಕ್ಕೆ ಹೋದ ಮೇಲೆ ಒಬ್ಬರೇ ಮನೆಯಲ್ಲಿ ಕೂತಿರಲು ಅವರಿಗೆ ಭಯವಾಗುತ್ತಿತ್ತು. “ಗಂಡಸ ಆಗಿ ಹೆದರಿಕಿ ಅಂತ ಯಾರ ಮುಂದ ಹೇಳ್ಲಿ?” ಎಂದು ಅವರು ಕೇಳುತ್ತಾರೆ.

ಹೇಳಿದ್ದು ವಿಶ್ವರಾಧ್ಯರ ಮುಂದೆ. ಸ್ಟ್ರೆಚರಿನ ಇನ್ನೊಂದು ತುದಿ ಹಿಡಿದವರು ಅವರು. ಎಷ್ಟೋ ವರ್ಷಗಳಿಂದ ಹೆಣದ ಜೊತೆ ಕಾಗದ ಹಿಡಿದು ಬರುವವರೂ ಅವರೇ. ಆಗ ವಿಶ್ವರಾಧ್ಯರಿಗೂ ಒಂದು ಸಂಕಟವಿತ್ತು. ಹೊಟ್ಟೆ ಬೆಲ್ಟಿನ ಮೇಲೆ ಇಳಿಬಿದ್ದು ಮೇಲಧಿಕಾರಿಗಳಿಂದ ಬೈಸಿಕೊಂಡು, ಮುಂಜಾನೆ ಕಾಲುವೆಯ ಮೇಲೆ ಓಡಲು ಶುರುಮಾಡಿದ್ದರು. ಒಬ್ಬರೇ ಓಡಲು ನಾಚಿಕೆ ಅವರಿಗೆ.

“ಮರಿಲಿಂಗಪ್ಪ, ನಾಳೆ ಮುಂಜಾನಿ ನನ್ನ ಕೂಡ ಬಾ.”

“ಎಲ್ಲಿಗ್ರಿ ಸಾಹೇಬ್ರ?”

“ಎಲ್ಲಿಗೂ ಇಲ್ಲ. ಓಡೂದು, ತಿರುಗಿ ಬರೂದು.”

ಹೀಗೆ ಶುರುವಾಯಿತು. ಮೊದಲ ದಿನ ಒಂದು ಕರೆಂಟ್ ಕಂಬದಿಂದ ಇನ್ನೊಂದು ಕಂಬದವರೆಗೆ ಓಡಿ ಮರಿಲಿಂಗಪ್ಪ ಏರಿಯ ಮೇಲೆ ಕುಕ್ಕರಿಸಿ ವಾಂತಿ ಮಾಡಿಕೊಂಡರು. ವಿಶ್ವರಾಧ್ಯ ಇನ್ನೂ ಅರ್ಧ ಕಂಬ ಮುಂದೆ ಹೋಗಿ ಕೂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಕುಡಿತ ಬಿಟ್ಟ ಮೇಲೆ ತಾನು ನಕ್ಕಿದ್ದು ಅದೇ ಮೊದಲು ಎಂದು ಮರಿಲಿಂಗಪ್ಪನಿಗೆ ನೆನಪು. ಮರುದಿನ ಮೈಯೆಲ್ಲ ನೋವು. ಆದರೂ ಹೋದರು. ಓಡಿ ಬಂದ ದಿನ ಊಟ ಸೇರುತ್ತಿತ್ತು, ಹಗಲಲ್ಲಿ ಬರುವ ಮುಖಗಳು ಕಡಿಮೆಯಾಗುತ್ತಿದ್ದವು. ಓಡದ ದಿನ ಅವು ಮತ್ತೆ ಬರುತ್ತಿದ್ದವು. ಇದನ್ನು ಅವರಿಗೆ ಯಾರೂ ಹೇಳಿಕೊಡಲಿಲ್ಲ, ತಾವೇ ಕಂಡುಕೊಂಡರು.

“ಓಡಾಕತ್ತಿದಾಗ ದಮ್ಮಿನ ಫಿಕರ್ ಒಂದೇ ಇರ್ತದ್ರಿ. ಮುಂದಿನ ಉಸಿರು ಸಿಗ್ತದೋ ಇಲ್ಲೋ ಅಂತ. ಬ್ಯಾರೆ ಫಿಕರ್ ಮಾಡಾಕ ಮನಸಿಗೆ ಪುರುಸೊತ್ತೇ ಇರಂಗಿಲ್ಲ” ಎನ್ನುತ್ತಾರೆ.

ಊರು ಮಾತ್ರ ಇದನ್ನು ಸುಮ್ಮನೆ ಒಪ್ಪಲಿಲ್ಲ. ಕೆಲವರಿಗೆ ನಗು. ಕೆಲವರು ಕುಡಿದು ತಲೆ ಕೆಟ್ಟಿದೆ ಎಂದರು. ಇನ್ನು ಕೆಲವರಿಗೆ ಅದಕ್ಕಿಂತ ದೊಡ್ಡ ತಕರಾರು. ಅವರ ಮನೆಯಿಂದ ಕಾಲುವೆಗೆ ಹೋಗಬೇಕೆಂದರೆ ಬಜಾರದ ರಸ್ತೆ ಹಿಡಿಯಬೇಕು. ಸುತ್ತು ದಾರಿ ಪೂರಾ ಕಲ್ಲು ಮುಳ್ಳು. ಒಂದು ಮುಂಜಾನೆ ಅಂಗಡಿಯ ಮುಂದೆ ನೀರು ಚಿಮುಕಿಸುತ್ತಿದ್ದ ಕಿರಾಣಿ ಅಂಗಡಿಯವರು ಅಡ್ಡ ನಿಂತು ಹೇಳಿದರು: “ಮರಿಲಿಂಗಾ, ಬೋಣಿ ಆಗೂ ಮುಂದ ಈ ಕಡಿ ಬರಬ್ಯಾಡೋ. ಮುಂಜ್ ಮುಂಜಾನೆ ನಿನ್ನ ಮಾರಿ ನೋಡಿದ್ರ ಹೆಂಗ?”

ಮರಿಲಿಂಗಪ್ಪ ತಿರುಗಿ ಮನೆಗೆ ಬಂದರು. ಬೂಟು ಬಿಚ್ಚಿ ಕಟ್ಟೆಯ ಕೆಳಗೆ ತಳ್ಳಿದರು. ಇಷ್ಟಕ್ಕೇ ಸಾಕು ಎಂದುಕೊಂಡರು. ಆ ದಿನ ಅವರ ಮುಖ ನೋಡಿಯೇ ದೇವಕಮ್ಮನಿಗೆ ಏನೋ ಆಗಿದೆ ಎಂದು ತಿಳಿಯಿತು. ಕೇಳಿ ಕೇಳಿ ಬಾಯಿ ಬಿಡಿಸಿದರು.

ಮರುದಿನ ಮುಂಜಾನೆ ದೇವಕಮ್ಮ ಹತ್ತಿ ಬಿಡಿಸಲು ಹೋಗುವ ಹೊತ್ತಿಗಿಂತ ಮೊದಲೇ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೂಟು ತಂದು ಗಂಡನ ಮುಂದಿಟ್ಟರು. “ಏಳ್ರಿ, ನಾ ಮುಂದ ಹೋಗ್ತೀನಿ, ನೀವು ಹಿಂದ ಬರ್ರಿ.” ಬಜಾರದಲ್ಲಿ ಆ ಅಂಗಡಿಯ ಮುಂದೆ ಬಂದು ನಿಂತರು. ಅಂಗಡಿಯವರು ಇನ್ನೇನೋ ಹೇಳುವ ಮುನ್ನ ಇವರೇ ಶುರು ಮಾಡಿದರು.

“ಅಣ್ಣಾರ, ನನ್ನ ಗಂಡ ಇಷ್ಟು ವರ್ಷ ಸತ್ತವರ ಮೈ ತೊಳದಾನ. ತೊಳೆಯೂ ಮನುಷ್ಯಾ ಮೈಲಿಗಿ ಹೆಂಗ ಆಗ್ತಾನ ನನಗ ತಿಳಿಸಿ ಹೇಳ್ರಿ. ತಿಳೀತಂದ್ರ ನಾಳಿಂದ ನಾವ್ ಈ ಕಡಿ ಬರಂಗಿಲ್ಲ. ತಿಳೀಲಿಲ್ಲಂದ್ರ ದಿನಾ ಬರ್ತೀವಿ.”

ಅಂಗಡಿಯವರು ನೀರಿನ ಚೊಂಬು ಹಿಡಿದು ಒಳಗೆ ನಡೆದರು. ಚಹಾದಂಗಡಿಯ ಮುಂದಿದ್ದ ನಾಲ್ಕು ಮಂದಿ ಮುಖ ಬೇರೆ ಕಡೆ ಮಾಡಿದರು. ಒಬ್ಬರು ಮಾತ್ರ “ಖರೇ ಅದ ಬಿಡ್ರಿ” ಎಂದರು. ದೇವಕಮ್ಮ ಗಂಡನ ಕಡೆ ತಿರುಗಿ “ಹೂಂ, ಓಡ್ರಿ ಇನ್ನ” ಎಂದು ಹೇಳಿ ತಮ್ಮ ಪಾಡಿಗೆ ಹೊಲದ ದಾರಿ ಹಿಡಿದರು. ಆ ರಸ್ತೆಯಲ್ಲಿ ಮತ್ತೆ ಯಾರೂ ತಡೆಯಲಿಲ್ಲ. ಎಲ್ಲರೂ ಬದಲಾದರು ಎಂದಲ್ಲ. ಇವರು ಬರುವಾಗ ಬಾಗಿಲು ಮುಂದೆ ಮಾಡಿಕೊಳ್ಳುವ ಮನೆಗಳು ಈಗಲೂ ಇವೆ. ಮರಿಲಿಂಗಪ್ಪ ಆ ಕಡೆ ನೋಡುವುದನ್ನು ಬಿಟ್ಟಿದ್ದಾರೆ.

ಕೆಲವು ತಿಂಗಳು ಹೀಗೆ ನಡೆದ ಮೇಲೆ ನಿಜವಾದ ಪರೀಕ್ಷೆ ಬಂತು. ಬೇರೆ ಊರಿನಿಂದ ಬರುತ್ತಿದ್ದ ಸಹಾಯಕರು ಕಾಯಿಲೆ ಬಿದ್ದಿದ್ದರು. ಅದೇ ದಿನ ಕಾಲುವೆಯಲ್ಲಿ ಮುಳುಗಿ ಸತ್ತ ಹುಡುಗಿಯೊಬ್ಬಳನ್ನು ತಂದರು. ಬಟ್ಟೆ ಒಗೆಯಲು ಹೋದವಳು ಕಾಲು ಜಾರಿ ಬಿದ್ದಿದ್ದಳು. ಮುಬೀನಾ ಮೇಡಂ ವಾರ್ಡಿಗೇ ಬಂದು ಮರಿಲಿಂಗಪ್ಪನನ್ನು ಕೇಳಿದರು. ಬಲವಂತ ಮಾಡಲಿಲ್ಲ. “ಆಗ್ತದ ಅಂದ್ರ ಬರ್ರಿ. ಆಗಂಗಿಲ್ಲ ಅಂದ್ರ ನಾ ಬ್ಯಾರೆ ವ್ಯವಸ್ಥಾ ಮಾಡ್ತೀನಿ, ತಡಾ ಆಗ್ತದ ಅಷ್ಟೆ.” ಹೊರಗೆ ಆ ಹುಡುಗಿಯ ಮನೆಯವರು ಮುಂಜಾನೆಯಿಂದ ನೀರು ಸಹ ಕುಡಿಯದೆ ಕೂತಿದ್ದರು. ತಡವಾದರೆ ಅವರು ಇನ್ನೊಂದು ಹಗಲು ಅಲ್ಲೇ ಕೂರಬೇಕು.

ಮರಿಲಿಂಗಪ್ಪ ಎದ್ದರು. ಬಾಗಿಲ ತನಕ ಹೋಗಿ ನಿಂತರು. ಅಷ್ಟು ವರ್ಷಗಳ ಕೆಲಸದಲ್ಲಿ ಮೊದಲ ಸಲ, ಅಮಲಿಲ್ಲದ ಮನುಷ್ಯನಾಗಿ ಅವರು ಆ ಕೋಣೆಯ ಒಳಗೆ ಹೋದರು.

“ವಾಸನಿ ಬಂತ್ರಿ. ಅಷ್ಟು ವರ್ಷ ಅಲ್ಲೇ ಇದ್ದೆ, ವಾಸನಿ ಗೊತ್ತೇ ಇದ್ದಿಲ್ಲ ನನಗ. ಆಮ್ಯಾಲ ಮಾರಿ ನೋಡಿದೆ. ಸಣ್ಣ ಹುಡುಗಿ, ನಮ್ಮ ಪರಿಮಳಾನಕಿಂತ ಸಣ್ಣಾಕಿ. ಬಾಗಲ ಕಡಿ ತಿರುಗಿದೆ, ಮತ್ತ ನಿಂತೆ. ಓಡುವಾಗ ಎದಿ ಒಡದ್ಹಂಗ ಆದ್ರ ಏನ್ ಮಾಡ್ತೀನಿ? ಮೂಗಿನಿಂದ ಉಸಿರು ತಗೊಂಡು ಬಾಯಿಂದ ಬಿಡ್ತೀನಿ. ಅದನ್ನೇ ಮಾಡಿದೆ. ಈ ಕಂಬ ದಾಟಿದ್ರ ಸಾಕು, ಆಮ್ಯಾಲ ಮುಂದಿನ ಕಂಬ ಅಂತ ಅಂದ್ಕೊಂಡೆ. ಹಂಗs ಮುಗಿಸಿದೆ.”

ಹೊಲಿಗೆ ಸಣ್ಣದಾಗಿ, ಒತ್ತಾಗಿ ಬಿತ್ತು ಎಂದು ಮುಬೀನಾ ಮೇಡಂ ಹೇಳುತ್ತಾರೆ. ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಹುಡುಗಿಯ ಕೂದಲ ತುಂಬ ಕಾಲುವೆಯ ಕೆಸರು. ಮರಿಲಿಂಗಪ್ಪ ಎರಡು ಬಕೆಟ್ ನೀರು ತಂದು ತಲೆ ತೊಳೆದರು. ದಾದಿಯೊಬ್ಬರಿಂದ ಬಾಚಣಿಗೆ ಕೇಳಿ ಪಡೆದು, ಸಿಕ್ಕು ಬಿಡಿಸಿ, ಜಡೆ ಹಾಕಿದರು. ಮಗಳು ಶಾಲೆಗೆ ಹೋಗುವಾಗ, ದೇವಕಮ್ಮ ನಸುಕಿಗೇ ಹೊಲಕ್ಕೆ ಹೋಗುತ್ತಿದ್ದ ಕಾಲದಲ್ಲಿ, ಕಲಿತ ಕೆಲಸ ಅದು. ಹೊರಗೆ ತಂದಾಗ ತಾಯಿ ಮುಖದ ಮೇಲಿನ ಬಟ್ಟೆ ಸರಿಸಿ ಬಹಳ ಹೊತ್ತು ನೋಡಿದಳು. ಜಡೆಯ ಮೇಲೆ ಕೈ ಆಡಿಸಿದಳು. ಯಾರು ಹಾಕಿದ್ದು ಎಂದು ಕೇಳಲಿಲ್ಲ. ಮರಿಲಿಂಗಪ್ಪನ ಕಡೆ ತಿರುಗಿ ಎರಡೂ ಕೈ ಜೋಡಿಸಿದಳು. ಅಲ್ಲಿಯವರೆಗೆ ಯಾರೂ ಅವರಿಗೆ ಕೈ ಮುಗಿದಿರಲಿಲ್ಲ.

ಅದಕ್ಕಿಂತ ಕಷ್ಟದ್ದು ಮರುದಿನ ಮುಂಜಾನೆ. ಹುಡುಗಿ ಬಿದ್ದ ಜಾಗ ಅವರು ದಿನವೂ ಓಡುವ ಏರಿಯ ಮೇಲೇ ಇತ್ತು. ವಿಶ್ವರಾಧ್ಯ ಬೇರೆ ದಾರಿ ಹಿಡಿಯೋಣ ಎಂದರು. ಮರಿಲಿಂಗಪ್ಪ ಒಪ್ಪಲಿಲ್ಲ. “ಇವತ್ತ ಈ ದಾರಿ ಬಿಟ್ರ ನಾಳೆ ಇನ್ನೊಂದು ದಾರಿ ಬಿಡಬೇಕಾಗ್ತದ್ರಿ ಸಾಹೇಬ್ರ. ಈ ತಾಲೂಕಿನ್ಯಾಗ ನನಗ ನೆನಪಿಲ್ಲದ ಜಾಗಾ ಎಲ್ಲಿ ಅದ?” ಆ ಜಾಗಕ್ಕೆ ಬಂದಾಗ ನಿಂತರು. ಒಗೆಯುವ ಕಲ್ಲು, ಅದರ ಮೇಲೆ ಯಾರೋ ಇಟ್ಟ ಹೂವು. ಅವರು ಅತ್ತರು. ವಿಶ್ವರಾಧ್ಯ ಅಷ್ಟು ದೂರ ಹೋಗಿ ಬೆನ್ನು ತಿರುಗಿಸಿ ನಿಂತು ಕಾದರು. ಆಮೇಲೆ ಇಬ್ಬರೂ ಮುಂದೆ ಓಡಿದರು.

ಮರಿಲಿಂಗಪ್ಪ ಮತ್ತೆ ಆ ಕೋಣೆಯ ಕೆಲಸಕ್ಕೇ ಮರಳಿದರು. ಅಂದಿನಿಂದ ಎಲ್ಲವೂ ಸುಸೂತ್ರ ಎಂದು ಬರೆದರೆ ಸುಳ್ಳಾಗುತ್ತದೆ. ಸುಮಾರು ಒಂದು ವರ್ಷದ ಮೇಲೆ, ಒಂದೇ ಮನೆಯ ಮೂವರು ಒಂದೇ ಅಪಘಾತದಲ್ಲಿ ಹೋದ ದಿನ, ಸಂಬಂಧಿಕರು ಹಳೆಯ ರೂಢಿಯಂತೆ ಕೈಗಿಟ್ಟ ಬಾಟಲಿಯನ್ನು ಮರಿಲಿಂಗಪ್ಪ ತಿರುಗಿ ಕೊಡಲಿಲ್ಲ. ಆಸ್ಪತ್ರೆಯ ಹಿಂದಿನ ಗೋಡೆಗೆ ಒರಗಿ ಕುಡಿದರು. ಮನೆಗೆ ಹೋದಾಗ ದೇವಕಮ್ಮ ತಟ್ಟೆ ಹಾಕಿ ಒಳಗೆ ಹೋದರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ವಿಶ್ವರಾಧ್ಯ ಬಾಗಿಲಲ್ಲಿ ನಿಂತಿದ್ದರು. ಸುದ್ದಿ ಅವರಿಗೆ ಮುಟ್ಟಿತ್ತು.

“ನಾ ಬರಂಗಿಲ್ರಿ. ನನ್ನ ಕೈಲೆ ಇದು ಆಗೂದಲ್ಲ” ಎಂದರು ಮರಿಲಿಂಗಪ್ಪ, ಹೊದಿಕೆ ಸರಿಸದೆ.

“ನಾ ಏನರೆ ಕೇಳಿದೆನು? ಬೂಟು ಹಾಕ್ಕೋ.”

“ಸಾಹೇಬ್ರ, ನಿನ್ನೆ ನಾ…”

“ನಿನ್ನಿದು ನಿನ್ನಿಗಾತು. ಬೂಟು ಹಾಕ್ಕೋ ಮಾರಾಯಾ, ಬಿಸಲ ಏರ್ತದ.”

ತಲೆ ಸಿಡಿಯುತ್ತಿತ್ತು, ಬಾಯಿ ಒಣಗಿತ್ತು. ಆ ದಿನ ಅರ್ಧ ದಾರಿ ನಡೆದರು, ಅರ್ಧ ದಾರಿ ಓಡಿದರು. ಮುಂದಿನ ಸಲ ಬಾಟಲಿ ಹಿಡಿದು ಬಂದವರಿಗೆ ಮರಿಲಿಂಗಪ್ಪ ಹೇಳಿದರು, “ಇದು ಬ್ಯಾಡ. ಒಂದು ಹೊಸಾ ಧೋತ್ರ ತಂದುಕೊಡ್ರಿ, ನಿಮ್ಮ ಅಪ್ಪಗ ಚೊಲೋ ಉಡಿಸಿ ಕಳಸ್ತೀನಿ.” ಅವರು ಮೊದಲು ಗಾಬರಿಯಾದರು, ಆಮೇಲೆ ಒಬ್ಬ ಅಂಗಡಿಗೆ ಓಡಿದ. ಈಗ ಆ ಕೋಣೆಗೆ ಬಾಟಲಿ ಬರುವುದು ಕಡಿಮೆಯಾಗಿದೆ. ಪೂರ್ತಿ ನಿಂತಿಲ್ಲ.

ಮರಿಲಿಂಗಪ್ಪನಿಗೆ ಈಗ ಐವತ್ಮೂರು. ರಕ್ತದೊತ್ತಡದ ಮಾತ್ರೆ ಇನ್ನೂ ಇದೆ, ಆದರೆ ಅರ್ಧಕ್ಕೆ ಇಳಿದಿದೆ. ಸ್ಟ್ರೆಚರು ಹಿಡಿದು ಮೆಟ್ಟಿಲು ಹತ್ತುವಾಗ ಮಾತಾಡುತ್ತಲೇ ಹತ್ತುತ್ತಾರೆ. ಮಳೆಗಾಲದಲ್ಲಿ ಏರಿ ಕೆಸರಾದಾಗ ಆಸ್ಪತ್ರೆಯ ಆವರಣದಲ್ಲೇ ಸುತ್ತು ಹಾಕುತ್ತಾರೆ. ವಾರ್ಡಿನ ಕಿಟಕಿಯಿಂದ ರೋಗಿಗಳು ಎಣಿಸುತ್ತಾರೆ. ವಿಶ್ವರಾಧ್ಯರಿಗೆ ಕಳೆದ ವರ್ಷ ಯಾದಗಿರಿಗೆ ವರ್ಗವಾಯಿತು. ಅಂದಿನಿಂದ ಒಬ್ಬರೇ ಓಡುತ್ತಾರೆ. ಇಬ್ಬರೂ ದಿನವೂ ಮುಂಜಾನೆ ಓಡಿ ಮುಗಿಸಿದ ಮೇಲೆ ಫೋನಿನಲ್ಲಿ ಒಂದು ಮಾತು ಆಡುತ್ತಾರೆ. “ಆತಾ?” “ಆತ್ರಿ.” ಅಷ್ಟೇ.

ಉಳಿದದ್ದು ಒಂದು ಕೆಲಸ, ಎಲ್ಲಕ್ಕಿಂತ ಕಠಿಣವಾದದ್ದು. ಮಗಳು ನಂಬಿರಲಿಲ್ಲ. ಫೋನಿನಲ್ಲಿ ಕುಡಿಯೋದು ಬಿಟ್ಟಿದ್ದೇನೆ ಎಂದರೆ ಪರಿಮಳಾ “ಹೂಂ ಅಪ್ಪಾ” ಎಂದು ತಾಯಿಗೆ ಕೊಡು ಎನ್ನುತ್ತಿದ್ದಳು. ಚಿಕ್ಕಂದಿನಿಂದ ಅದೇ ಮಾತನ್ನು ಎಷ್ಟು ಸಲ ಕೇಳಿದ್ದಳೋ. ತಾಯಿ ಹೇಳಿದರೂ, ತಾಯಿ ಗಂಡನ ತಪ್ಪು ಮುಚ್ಚುತ್ತಿದ್ದಾಳೆ ಎಂದುಕೊಂಡಳು. ಕಳೆದ ವರ್ಷ ಅವಳಿಗೆ ಮಗುವಾದಾಗ ಹೆಸರಿಡುವ ಕಾರ್ಯಕ್ಕೆ ತಾಯಿಗೆ ಮಾತ್ರ ಕರೆ ಬಂತು. ಮರಿಲಿಂಗಪ್ಪನಿಗೆ ಸಿಟ್ಟು ಬರಲಿಲ್ಲ. “ಮಾತು ಎಲ್ಲಾ ನಾನs ಖರ್ಚು ಮಾಡಿ ಮುಗಿಸಿದ್ದೆನ್ರಿ. ಇನ್ನ ಹೇಳಾಕ ಮಾತು ಎಲ್ಲಿ ಉಳಿದಾವ? ಕಾಲು ಇದ್ವು.”

ಈ ಚಳಿಗಾಲದ ಒಂದು ಭಾನುವಾರ ನಸುಕಿನ ಬಸ್ಸಿಗೆ ಯಾದಗಿರಿಗೆ ಹೋದರು. ಅಲ್ಲಿ ವಿಶ್ವರಾಧ್ಯ ಕಾದಿದ್ದರು, ಊರ ಹೊರಗಿನವರೆಗೆ ಜೊತೆಗೆ ಓಡಿ ಬೀಳ್ಕೊಟ್ಟರು. ಅಲ್ಲಿಂದ ಹತ್ತಿಕುಣಿಗೆ ಮರಿಲಿಂಗಪ್ಪ ಒಬ್ಬರೇ. ಅಷ್ಟು ದೂರ ಅವರು ಒಮ್ಮೆಲೇ ಎಂದೂ ಓಡಿರಲಿಲ್ಲ. ಅಳಿಯ ಬುದ್ಧಪ್ರಿಯನಿಗೆ ಮಾತ್ರ ವಿಷಯ ಗೊತ್ತಿತ್ತು. ಬೈಕು ತರುತ್ತೇನೆ ಎಂದ ಅವನಿಗೆ ಬೇಡ ಎಂದಿದ್ದರು. ದಾರಿಯಲ್ಲಿ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಕುಂಟಿದರು, ನಿಂತರು, ಕಾಲು ತಿಕ್ಕಿಕೊಂಡು ಮತ್ತೆ ಓಡಿದರು. ಟಂಟಂ ಆಟೊದವನೊಬ್ಬ ನಿಲ್ಲಿಸಿ ಹತ್ತಿಸಿಕೊಳ್ಳುತ್ತೇನೆ ಎಂದ. ಕೈ ಬೀಸಿ ಕಳಿಸಿದರು.

ಬಿಸಿಲು ಏರಿದ ಮೇಲೆ ಮಗಳ ಮನೆಯ ಮುಂದೆ ಬಂದು ನಿಂತರು. ಪರಿಮಳಾ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ತಂದೆಯನ್ನು ನೋಡಿ ಎದ್ದಳು. ಮೈಯೆಲ್ಲ ಧೂಳು, ಬನಿಯನ್ನು ನೆನೆದು ಮೈಗೆ ಅಂಟಿದೆ, ಮಾತು ಹೊರಡುತ್ತಿಲ್ಲ. ಕಾಲು ತೂರಾಡುತ್ತಿದ್ದುದನ್ನು ನೋಡಿ ಅವಳ ಮುಖ ಕಲ್ಲಾಯಿತು. ಹತ್ತಿರ ಬಂದಳು. ಅವಳು ಹುಡುಗಿಯಾಗಿದ್ದಾಗ ದಿನಾ ಸಂಜೆ ಹೀಗೆಯೇ ಬಾಗಿಲಲ್ಲಿ ತಂದೆಯ ಮುಖದ ಹತ್ತಿರ ಮುಖ ತಂದು ಮೂಸಿ ನೋಡುತ್ತಿದ್ದಳು, ಆಮೇಲೆ ಒಳಗೆ ಹೋಗಿ ತಾಯಿಗೆ ಹೌದೋ ಅಲ್ಲವೋ ಹೇಳುತ್ತಿದ್ದಳು. ಮರಿಲಿಂಗಪ್ಪ ಅಲುಗಾಡದೆ ನಿಂತರು. ಪರಿಮಳಾ ಮೂಸಿದಳು. ಇನ್ನೊಮ್ಮೆ ಮೂಸಿದಳು.

“ಯಾದಗಿರಿಯಿಂದ ಓಡಿ ಬಂದಾರ ನಿಮ್ಮಪ್ಪ” ಎಂದ ಬುದ್ಧಪ್ರಿಯ, ಬಾಗಿಲಿಂದ.

ಅವಳು ತಂದೆಯ ಕೊರಳಿನ ಟವೆಲು ತೆಗೆದು ಅವರ ಮುಖ ಒರೆಸಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ಬೈಯುತ್ತಿತ್ತು: “ಎಷ್ಟು ಬೆವರ ನಾರಾಕತ್ತೀಯಪ್ಪಾ! ನಡಿ, ನೀರು ಕಾಸ್ತೀನಿ, ಮೊದ್ಲ ಜಳಕ ಮಾಡು. ಆಮ್ಯಾಲ ಕೂಸನ್ನ ಮುಟ್ಟು.”

ಜಳಕವಾದ ಮೇಲೆ ಮೊಮ್ಮಗನನ್ನು ಅವರ ತೊಡೆಯ ಮೇಲೆ ಕೂರಿಸಿದರು. ಹೊಸ ಮುಖ ನೋಡಿ ಅವನು ಊರಿಗೆ ಕೇಳುವಂತೆ ಅತ್ತ. ಮರಿಲಿಂಗಪ್ಪ ಹತ್ತಿಕುಣಿಯಲ್ಲಿ ಎರಡು ದಿನ ಉಳಿದರು. ಕಾಲು ಬಾತು ಹೋಗಿದ್ದರಿಂದ ಬರುವಾಗ ಅಳಿಯನ ಬೈಕೇ ಗತಿಯಾಯಿತು. ಆ ಒಂದು ವಿಷಯಕ್ಕೆ ಮಾತ್ರ ಅವರಿಗೆ ಇಂದಿಗೂ ಸಮಾಧಾನವಿಲ್ಲ.

ಡ್ಯೂಟಿಗೆ ಹೊತ್ತಾಯಿತೆಂದು ಎದ್ದು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅವರು ಹೇಳುತ್ತಾರೆ: “ಹೋಗೂದು ಓಡಿ ಹೋದೆ. ಬರೂದು ಬೈಕಿನ ಮ್ಯಾಲ ಬಂದೆ. ಅದು ಅರ್ಧಾ ಆತಲ್ರಿ? ಬುದ್ಧ ಪೂರ್ಣಿಮಿಗೆ ಮತ್ತ ಹೊಂಟೀನಿ. ಈ ಸಲ ತಿರುಗಿ ಬರೂದೂ ನನ್ನ ಕಾಲ ಮ್ಯಾಲೇ ಬರ್ತೀನಿ.”